ಎಪಿಕೆ ಕಡತಕ್ಕೆ ಸಹಿ ಹಾಕಿದವರು ಯಾರು: ಪ್ಲೇ ಸ್ಟೋರ್‌ನ ಹೊರಗಿನ ಆಪ್‌ಗಳ ಬಗ್ಗೆ ನನ್ನ ಅನುಭವ

ನಾನು ದಿನವೂ ಬಳಸುವ ಆಪ್‌ಗಳಲ್ಲಿ ಹಲವು ಪ್ಲೇ ಸ್ಟೋರ್‌ನಿಂದ ಬಂದವಲ್ಲ. ಕೆಲವನ್ನು ಡೆವಲಪರ್‌ಗಳು ಅಲ್ಲಿ ಇಟ್ಟೇ ಇಲ್ಲ. ಇನ್ನು ಕೆಲವು ಅಲ್ಲಿದ್ದರೂ ಜಾಹೀರಾತಿಲ್ಲದ ಮುಕ್ತ ತಂತ್ರಾಂಶದ ಆವೃತ್ತಿ ಹೊರಗೆ ಮಾತ್ರ ಸಿಗುತ್ತದೆ. ಹೀಗೆ ಆಪ್ ಹಾಕಿಕೊಳ್ಳುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ನಂಬಿಕೆಗೆ ಅರ್ಹವಾದ ಜಾಲತಾಣದಿಂದಲೇ ಇಳಿಸಿಕೊಳ್ಳಿ ಎಂಬುದು. ಸಲಹೆ ತಪ್ಪಲ್ಲ, ಆದರೆ ಅರ್ಧದಲ್ಲೇ ನಿಲ್ಲುತ್ತದೆ. ಆಪ್ ಅನ್ನು ಫೋನಿಗೆ ಹಾಕುವ ಎಪಿಕೆ ಕಡತ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದಕ್ಕೆ ಸಹಿ ಹಾಕಿದವರು ಯಾರು ಎನ್ನುವುದನ್ನು ನಾನು ಮೊದಲು ನೋಡುತ್ತೇನೆ. (ಐಫೋನಿನ ವ್ಯವಸ್ಥೆ ಬೇರೆಯೇ ಆದ್ದರಿಂದ ಇಲ್ಲಿರುವುದೆಲ್ಲ ಆಂಡ್ರಾಯ್ಡ್‌ಗೆ ಸೇರಿದ್ದು.)

ಆಂಡ್ರಾಯ್ಡ್‌ನಲ್ಲಿ ಇನ್‌ಸ್ಟಾಲ್ ಆಗಬೇಕಾದ ಪ್ರತಿಯೊಂದು ಎಪಿಕೆ ಕಡತಕ್ಕೂ ಡಿಜಿಟಲ್ ಸಹಿ ಇರಲೇಬೇಕು. ಆಪ್‌ನ ಹೆಸರನ್ನು, ಚಿತ್ರವನ್ನು, ಒಳಗಿನ ಪ್ಯಾಕೇಜ್ ಹೆಸರನ್ನು ಕೂಡ ಯಾರು ಬೇಕಾದರೂ ನಕಲು ಮಾಡಬಹುದು, ಬೆಳ್ಳಗಿರುವುದೆಲ್ಲ ಹಾಲಲ್ಲ. ಡೆವಲಪರ್‌ನ ಬಳಿಯಿರುವ ಖಾಸಗಿ ಕೀಲಿ (ಸಹಿ ಹಾಕಲು ಬಳಸುವ ಗುಟ್ಟಿನ ಸಂಕೇತ) ಇಲ್ಲದೆ ಅವರ ಸಹಿಯನ್ನು ಮಾತ್ರ ಹಾಕಲಾಗದು. ಇದರಿಂದ ನಮಗಾಗುವ ದೊಡ್ಡ ಉಪಕಾರವೆಂದರೆ, ಒಮ್ಮೆ ಸರಿಯಾದ ಆಪ್ ಫೋನಿಗೆ ಬಂದಮೇಲೆ ಬೇರೆ ಕೀಲಿಯಿಂದ ಸಹಿಯಾದ ಕಡತವನ್ನು ಅದರ ಅಪ್‌ಡೇಟ್ ಎಂದು ಹಾಕಲು ಹೋದರೆ ಆಂಡ್ರಾಯ್ಡ್ ತಾನಾಗಿಯೇ ನಿರಾಕರಿಸುತ್ತದೆ. ಡೆವಲಪರ್ ಕೀಲಿ ಬದಲಿಸಬೇಕಾದರೆ ಹಳೆಯ ಕೀಲಿಯೇ ಹೊಸದಕ್ಕೆ ಸಾಕ್ಷಿ ಹೇಳುವ ಏರ್ಪಾಡು ಆಂಡ್ರಾಯ್ಡ್ 9ರಿಂದ ಇದೆ. ಎಂದಮೇಲೆ ಎಚ್ಚರವೆಲ್ಲ ಬೇಕಾಗುವುದು ಮೊದಲ ಸಲ ಹಾಕಿಕೊಳ್ಳುವಾಗ. ಆ ಹೊತ್ತಿನಲ್ಲಿ ಹೋಲಿಸಿ ನೋಡಲು ಫೋನಿನ ಬಳಿ ಹಿಂದಿನ ಸಹಿ ಯಾವುದೂ ಇರುವುದಿಲ್ಲ.

ಹಾಗಾಗಿ ಇಳಿಸಿಕೊಂಡ ಕಡತವನ್ನು ನಾನು ಒಡನೆಯೇ ತೆರೆಯುವುದಿಲ್ಲ. ಕಂಪ್ಯೂಟರ್ ಹತ್ತಿರವಿದ್ದರೆ ಆಂಡ್ರಾಯ್ಡ್ ಎಸ್‌ಡಿಕೆಯ (ಆಪ್ ಕಟ್ಟುವವರ ಸಾಧನಗಳ ಕಟ್ಟು) ಜೊತೆ ಬರುವ ಎಪಿಕೆಸೈನರ್ ಸಾಧನದಿಂದ, ಇಲ್ಲವಾದರೆ ಫೋನಿನಲ್ಲೇ ಆಪ್‌ವೆರಿಫೈಯರ್ ಎಂಬ ಆಪ್‌ನಿಂದ ಸಹಿಯ ಪ್ರಮಾಣಪತ್ರದ ಎಸ್‌ಎಚ್‌ಎ-256 ಬೆರಳಚ್ಚನ್ನು ತೆಗೆಯುತ್ತೇನೆ. ಅದು ಆ ಪ್ರಮಾಣಪತ್ರವನ್ನು ಗುರುತಿಸುವ 64 ಅಕ್ಷರಾಂಕಗಳ ಸಾಲು. ಡೆವಲಪರ್ ಪ್ರಕಟಿಸಿರುವ ಬೆರಳಚ್ಚಿನೊಂದಿಗೆ ಅದನ್ನು ಪೂರ್ತಿಯಾಗಿ ಹೋಲಿಸುತ್ತೇನೆ. ಮೊದಲ ನಾಲ್ಕು, ಕೊನೆಯ ನಾಲ್ಕು ಅಂಕಿ ನೋಡಿ ಸುಮ್ಮನಾಗುವುದಿಲ್ಲ. ಆ ಬೆರಳಚ್ಚು ಕಡತ ಸಿಕ್ಕ ಪುಟದಲ್ಲಿ ಮಾತ್ರವೇ ಇದ್ದರೆ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ, ಏಕೆಂದರೆ ಕಡತವನ್ನು ಬದಲಿಸಬಲ್ಲವನಿಗೆ ಅದರ ಪಕ್ಕದ ಸಾಲನ್ನು ಬದಲಿಸುವುದು ಕಷ್ಟವಲ್ಲ. ಕಡತ ಗಿಟ್‌ಹಬ್‌ನದಾದರೆ (ಡೆವಲಪರ್‌ಗಳು ತಮ್ಮ ತಂತ್ರಾಂಶವನ್ನು ಇಡುವ ತಾಣ) ಬೆರಳಚ್ಚನ್ನು ಡೆವಲಪರ್‌ನ ಸ್ವಂತ ಜಾಲತಾಣದಲ್ಲಿ ಹುಡುಕುತ್ತೇನೆ. ಎಷ್ಟೋ ಸಣ್ಣ ಆಪ್‌ಗಳ ಡೆವಲಪರ್‌ಗಳು ಬೆರಳಚ್ಚನ್ನು ಎಲ್ಲಿಯೂ ಪ್ರಕಟಿಸಿರುವುದಿಲ್ಲ. ಅಂಥ ಆಪ್ ಕೇಳುವ ಅನುಮತಿಗಳು ತೀರ ಕಡಿಮೆಯಿದ್ದರೆ ಮಾತ್ರ ಮುಂದುವರಿಯುತ್ತೇನೆ.

ಸಹಿ ಹೊಂದದಿದ್ದರೆ ಅದು ಮೋಸವೇ ಎಂದು ತೀರ್ಮಾನಿಸಬೇಕಾಗಿಲ್ಲ. ಪ್ಲೇ ಸ್ಟೋರ್‌ನಲ್ಲಿ 2021ರ ಆಗಸ್ಟ್‌ನಿಂದ ಸೇರಿದ ಹೊಸ ಆಪ್‌ಗಳಿಗೆ ಸಹಿ ಹಾಕುವ ಕೀಲಿ ಗೂಗಲ್ ಬಳಿಯೇ ಇರುತ್ತದೆ. ಡೆವಲಪರ್ ನೇರವಾಗಿ ಕೊಡುವ ಕಡತದ ಸಹಿ ಅದಕ್ಕಿಂತ ಬೇರೆಯಾಗಿರಬಹುದು. ಮುಕ್ತ ತಂತ್ರಾಂಶದ ಆಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್ ಮೂಲ ಸಂಕೇತದಿಂದ (ಸೋರ್ಸ್ ಕೋಡ್) ಆಪ್‌ಗಳನ್ನು ತಾನೇ ಕಟ್ಟಿ, ಹೆಚ್ಚಿನವುಗಳಿಗೆ ತನ್ನದೇ ಕೀಲಿಯಿಂದ ಸಹಿ ಹಾಕುತ್ತದೆ. ತಾನು ಕಟ್ಟಿದ್ದು ಡೆವಲಪರ್ ಕಟ್ಟಿದ್ದಕ್ಕೆ ತದ್ರೂಪವಾಗಿ ಬಂದ ಆಪ್‌ಗಳಲ್ಲಿ ಡೆವಲಪರ್‌ನ ಸಹಿಯನ್ನೇ ಉಳಿಸಿಕೊಳ್ಳಬಲ್ಲದು. ಇದರ ಪರಿಣಾಮ ಬಳಕೆದಾರನ ಮೇಲೆ ನೇರವಾಗಿ ಆಗುತ್ತದೆ: ಸಹಿ ಬೇರೆಯಾದಾಗ ಒಂದು ಮೂಲದಿಂದ ಇನ್ನೊಂದಕ್ಕೆ ಹಾರಬೇಕೆಂದರೆ ಆಪ್ ಅನ್ನು ತೆಗೆದುಹಾಕಲೇಬೇಕು, ಜೊತೆಗೆ ಅದರೊಳಗಿನ ಮಾಹಿತಿಯೂ ಹೋಗುತ್ತದೆ. ಆದ್ದರಿಂದ ಟಿಪ್ಪಣಿ, ಪಾಸ್‌ವರ್ಡ್‌ಗಳಂಥವನ್ನು ಇಟ್ಟುಕೊಳ್ಳುವ ಆಪ್‌ಗಳ ವಿಷಯದಲ್ಲಿ ಯಾವ ಮೂಲಕ್ಕೆ ಅಂಟಿಕೊಳ್ಳಬೇಕು ಎಂಬುದನ್ನು ಮೊದಲೇ ನಿರ್ಧರಿಸುತ್ತೇನೆ.

ಆಂಡ್ರಾಯ್ಡ್ 8ಕ್ಕಿಂತ ಮುಂಚೆ ಅಪರಿಚಿತ ಮೂಲಗಳಿಂದ ಆಪ್ ಹಾಕಲು ಅನುಮತಿ ಕೊಡುವುದಕ್ಕೆ ಇಡೀ ಫೋನಿಗೆಲ್ಲ ಒಂದೇ ಗುಂಡಿಯಿತ್ತು. 2017ರಲ್ಲಿ ಬಂದ ಆ ಆವೃತ್ತಿಯಿಂದ ಈಚೆಗೆ ಯಾವ ಆಪ್ ಬೇರೆ ಆಪ್‌ಗಳನ್ನು ಹಾಕಬಹುದು ಎಂದು ಒಂದೊಂದಕ್ಕೂ ಪ್ರತ್ಯೇಕವಾಗಿ ಹೇಳಬಹುದು. ನನ್ನ ಫೋನಿನಲ್ಲಿ ಬ್ರೌಸರ್‌ಗಾಗಲಿ ಸಂದೇಶದ ಆಪ್‌ಗಳಿಗಾಗಲಿ ಈ ಅನುಮತಿ ಎಂದಿಗೂ ಇಲ್ಲ, ಏಕೆಂದರೆ ಕೇಳದೆ ಬರುವ ಎಪಿಕೆಗಳು ನುಗ್ಗುವ ದಾರಿ ಅದೇ. ಎಫ್-ಡ್ರಾಯ್ಡ್‌ಗೆ ಕೊಟ್ಟಿದ್ದೇನೆ. ಕಡತ ನಿರ್ವಾಹಕ ಆಪ್‌ಗೆ ಕೆಲಸವಿದ್ದಾಗ ಕೊಟ್ಟು, ಮುಗಿದೊಡನೆ ಹಿಂದಕ್ಕೆ ಪಡೆಯುತ್ತೇನೆ.

ಸಹಿ ಸರಿಯಿದೆ ಎಂದ ಮಾತ್ರಕ್ಕೆ ಆಪ್ ಒಳ್ಳೆಯದು ಎಂದಾಗುವುದಿಲ್ಲ. ವಂಚಕನೂ ತನ್ನ ಕಡತಕ್ಕೆ ತಾನು ಸಹಿ ಹಾಕುತ್ತಾನೆ. ಹಾಕಿಕೊಂಡ ಮೇಲೆ ನಾನು ಮುಖ್ಯವಾಗಿ ಗಮನಿಸುವುದು ಆಕ್ಸೆಸಿಬಿಲಿಟಿ ಸೇವೆಯನ್ನು. ಪರದೆಯ ಮೇಲಿರುವುದನ್ನೆಲ್ಲ ಓದಿ, ನಮ್ಮ ಪರವಾಗಿ ಗುಂಡಿ ಒತ್ತಬಲ್ಲ ಅಧಿಕಾರವದು. ಕಡತವನ್ನು ತೆರೆದು ಹಾಕಿಕೊಂಡ ಆಪ್‌ಗಳಿಗೆ ಈ ಅಧಿಕಾರ ಸುಲಭವಾಗಿ ಸಿಗದಂತೆ ಆಂಡ್ರಾಯ್ಡ್ 13ರಿಂದ ತಡೆಯಿದೆ. ಆ ತಡೆಯನ್ನು ಸಡಿಲಿಸುವುದು ಹೇಗೆಂದು ಬಾಣದ ಗುರುತು ಹಾಕಿ ತೋರಿಸುವ ಆಪ್ ಅನ್ನು, ಹಾನಿಕಾರಕ ಆಪ್‌ಗಳನ್ನು ಹುಡುಕುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಎನ್ನುವ ಪುಟವನ್ನು ನಾನು ಅಲ್ಲಿಗೇ ಬಿಡುತ್ತೇನೆ. ಹಣ ಕೊಟ್ಟು ಪಡೆಯಬೇಕಾದದ್ದನ್ನು ಉಚಿತವಾಗಿ ತೆರೆದಿಟ್ಟಿದ್ದೇವೆ ಎನ್ನುವ ‘ಮಾಡ್’ ಆವೃತ್ತಿಗಳ ವಿಚಾರದಲ್ಲಂತೂ ಪರೀಕ್ಷೆಯ ಅಗತ್ಯವೇ ಇಲ್ಲ: ಒಳಗಿನದನ್ನು ತಿದ್ದಿದೊಡನೆ ಮೂಲ ಸಹಿ ಮುರಿಯುವುದರಿಂದ ಅವುಗಳ ಸಹಿ ಯಾರೋ ಅಪರಿಚಿತರದೇ ಆಗಿರುತ್ತದೆ.

ಉಳಿದದ್ದು ಅಪ್‌ಡೇಟ್. ಕೈಯಾರೆ ಹಾಕಿದ ಆಪ್‌ಗೆ ಅದು ತಾನಾಗಿ ಬರುವುದಿಲ್ಲ, ಆದ್ದರಿಂದ ಭದ್ರತೆಯ ದೋಷಗಳು ತಿದ್ದದೆ ಹಾಗೇ ಉಳಿಯುತ್ತವೆ. ಎಫ್-ಡ್ರಾಯ್ಡ್‌ನ ಆಪ್‌ಗಳನ್ನು ಅದೇ ನೋಡಿಕೊಳ್ಳುತ್ತದೆ. ಗಿಟ್‌ಹಬ್‌ನಿಂದ ತಂದವುಗಳ ಹೊಸ ಬಿಡುಗಡೆಗಳನ್ನು ಒಬ್ಟೇನಿಯಮ್ ಎಂಬ ಆಪ್ ಗಮನಿಸಿ ತಿಳಿಸುತ್ತದೆ. ಬಹುಕಾಲದಿಂದ ಹೊಸ ಆವೃತ್ತಿಯೇ ಬಾರದ ಆಪ್‌ಗಳನ್ನು ಆಗಾಗ ಹುಡುಕಿ ತೆಗೆದುಹಾಕುತ್ತೇನೆ.