ಇಳಿಯುವುದೆಲ್ಲಿ?

ಮಲ್ಲೇಶ್ವರದ ನಾಲ್ಕಾರು ಅಡ್ಡರಸ್ತೆಗಳ ಫುಟ್‌ಪಾತನ್ನು ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿ ಮುಗಿಸಿದ ದಿನ ನನಗೆ ಸ್ವಲ್ಪ ಜಂಬವೇ ಬಂದಿತ್ತು. ಗಾಲಿಕುರ್ಚಿಯಲ್ಲಿ ಓಡಾಡುವ ಭಾವನವರಿಗೆ ತೋರಿಸಿದೆ. ಅವರು ಪರದೆಯನ್ನು ಹಿಗ್ಗಿಸಿ ನೋಡಿ, "ಎಲ್ಲ ಸರಿ, ಇಳಿಯುವುದೆಲ್ಲಿ?" ಎಂದರು.

ನಾನು ರಸ್ತೆಯ ಗೆರೆಗೇ ಎಡಕ್ಕಿದೆ, ಬಲಕ್ಕಿದೆ, ಎರಡೂ ಕಡೆ ಇದೆ, ಇಲ್ಲವೇ ಇಲ್ಲ ಎಂಬ ಟ್ಯಾಗ್, ಅಂದರೆ ವಿವರದ ಚೀಟಿ, ಹಾಕಿದ್ದೆ, ಅಷ್ಟೆ. ನಿಂತ ಜಾಗದ ಬಗ್ಗೆ ಪ್ರಶ್ನೆ ಕೇಳಿ ಉತ್ತರವನ್ನು ಈ ನಕ್ಷೆಗೆ ಸೇರಿಸುವ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಇದ್ದರೆ ಅದು ಸಂಜೆಯ ವಾಕಿಂಗಿನಲ್ಲೇ ಆಗುವ ಕೆಲಸ. ಕಂಪ್ಯೂಟರಿನಲ್ಲಿ ಕುಳಿತು ಮಾಡಿದ ಒಂದು ರಸ್ತೆಯಲ್ಲಂತೂ ಎಡವನ್ನೇ ಬಲ ಮಾಡಿದ್ದೆ. ಎಡ ಬಲ ಎಂದರೆ ನಾನು ನಡೆದ ದಿಕ್ಕಿನದಲ್ಲ, ಆ ಗೆರೆಯನ್ನು ಮೊದಲು ಎಳೆದವರು ಯಾವ ಕಡೆಯಿಂದ ಎಳೆದರೋ ಅದರದು. ಗೆರೆಯ ಮೇಲಿನ ಪುಟ್ಟ ಬಾಣದ ಗುರುತುಗಳನ್ನು ನಾನು ನೋಡಿರಲೇ ಇಲ್ಲ.

ಭಾವನವರ ಪ್ರಶ್ನೆಗೆ ಈ ಟ್ಯಾಗ್ ಉತ್ತರ ಕೊಡುವುದಿಲ್ಲ. ಹಾಗಾಗಿ ಫುಟ್‌ಪಾತನ್ನೇ ಬೇರೆ ಗೆರೆಯಾಗಿ ಎಳೆಯತೊಡಗಿದೆ. ಮಲ್ಲೇಶ್ವರದ ಮರಗಳು ನಡೆಯುವವರಿಗೆ ನೆರಳು, ಉಪಗ್ರಹ ಚಿತ್ರ ನೋಡುವವನಿಗೆ ಪರದೆ. ಕೊಂಬೆಗಳ ಕೆಳಗೆ ಏನೂ ಕಾಣದು. ಗೂಗಲ್‌ನ ರಸ್ತೆ ಚಿತ್ರಗಳಿಂದ ನಕಲು ಮಾಡುವಂತಿಲ್ಲ. ನಾನೇ ತೆಗೆದ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು ಎಳೆದೆ. ಮೊದಲ ಸಲ ಗೆರೆಯ ತುದಿಯನ್ನು ರಸ್ತೆ ದಾಟುವ ಜಾಗಕ್ಕೆ ಜೋಡಿಸಲು ಮರೆತೆ. ದಾರಿ ಹುಡುಕುವ ತಂತ್ರಾಂಶಕ್ಕೆ ಅಂಥ ಫುಟ್‌ಪಾತ್ ಒಂದು ದ್ವೀಪ. ಎದುರಿನ ಔಷಧಿ ಅಂಗಡಿಗೆ ದಾರಿ ಕೇಳಿದರೆ ಅದು ನನ್ನನ್ನು ಇಡೀ ಬೀದಿ ಸುತ್ತಿಸಿತು.

ನಿಜವಾದ ಕೆಲಸ ಇದ್ದದ್ದು ತುದಿಗಳಲ್ಲಿ. ಫುಟ್‌ಪಾತಿನಿಂದ ರಸ್ತೆಗೆ ಇಳಿಯುವ ಪ್ರತಿಯೊಂದು ಕಡೆಯೂ ಒಂದು ಬಿಂದು ಇಟ್ಟು, ಅಂಚುಗಲ್ಲು ಎತ್ತರವಾಗಿದೆಯೇ, ತಗ್ಗಿಸಿದೆಯೇ, ರಸ್ತೆಗೆ ಸಮವಾಗಿದೆಯೇ ಎಂದು ಬರೆಯಬೇಕು. ಮನೆಯಲ್ಲಿದ್ದ ದರ್ಜಿ ಟೇಪು ಹಿಡಿದುಕೊಂಡು ಹೊರಟೆ. ಪಾದಚಾರಿ ಸೌಲಭ್ಯಗಳ ಬಗ್ಗೆ ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ದಾಟಬಾರದು, ಅಡೆತಡೆಯಿಲ್ಲದೆ ನಡೆಯುವ ಅಗಲ ಕನಿಷ್ಠ 1.8 ಮೀಟರ್ ಇರಬೇಕು ಎಂದಿತ್ತು. ನಾನು ಅಳೆದ ಒಂದು ಮೂಲೆಯಲ್ಲಿ ಅಂಚು ಒಂದು ಗೇಣಿಗಿಂತ ಎತ್ತರವಿತ್ತು. ಅಗಲದ ಮಾತಂತೂ ಬೇಡ: ಎರಡು ಮೀಟರ್ ಇರುವ ಫುಟ್‌ಪಾತ್ ಟ್ರಾನ್ಸ್‌ಫಾರ್ಮರ್ ಬಳಿ ಒಂದು ಮೊಳದಷ್ಟಾಗುತ್ತದೆ. ಅಲ್ಲಿ ಗೆರೆಯನ್ನು ತುಂಡು ಮಾಡಿ, ಆ ತುಂಡಿಗೆ ಅದರದೇ ಅಗಲ ಬರೆದೆ. ಸರಾಸರಿ ಹಾಕಿದರೆ ಅದು ಗಾಲಿಕುರ್ಚಿಗೆ ಹೇಳುವ ಸುಳ್ಳು.

ಕಾರು ಒಳಹೋಗಲೆಂದು ಮನೆಮನೆಗೂ ಕಟ್ಟಿಕೊಂಡ ಇಳಿಜಾರುಗಳನ್ನು ಏನು ಮಾಡುವುದೆಂದು ಬಹಳ ದಿನ ತಿಳಿಯಲಿಲ್ಲ. ಫುಟ್‌ಪಾತ್ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕೊನೆಗೆ ಮೆಟ್ಟಿಲಿನಂತೆ ಕಡಿದಿರುವ ಕಡೆ ಮಾತ್ರ ಅಂಚುಗಲ್ಲಿನ ಬಿಂದು ಇಟ್ಟೆ. ನಿಲ್ಲಿಸಿದ ಸ್ಕೂಟರುಗಳನ್ನು, ಹೂವಿನ ಬುಟ್ಟಿಗಳನ್ನು ಬರೆಯಲಿಲ್ಲ. ನಕ್ಷೆ ಹಿಡಿಯಬೇಕಾದದ್ದು ನಾಳೆಯೂ ಅಲ್ಲೇ ಇರುವುದನ್ನು. ಸ್ಕೂಟರುಗಳೂ ನಾಳೆ ಅಲ್ಲೇ ಇರುತ್ತವೆ ಎಂದು ಭಾವ ವಾದಿಸುತ್ತಾರೆ.

ಎರಡನೆಯ ಸಲ ತೋರಿಸಿದಾಗ ಅವರು ನೇರವಾಗಿ ಮೂಲೆಗಳನ್ನೇ ನೋಡಿದರು. ಒಂದು ಕಡೆ ಬೆರಳಿಟ್ಟು, "ಇದು ತಗ್ಗಿಸಿದ್ದಲ್ಲ, ಮೊನ್ನೆ ಇಲ್ಲೇ ಮುಗ್ಗರಿಸಿದೆ" ಎಂದರು. ಹೋಗಿ ನೋಡಿದರೆ ಹೌದು, ಯಾವುದೋ ಕೇಬಲ್ಲಿಗೆ ಅಗೆದು ಚಪ್ಪಡಿಯನ್ನು ಎತ್ತಿ ಇಟ್ಟಿದ್ದಾರೆ. ಟ್ಯಾಗ್ ತಿದ್ದಿ, ಪರಿಶೀಲಿಸಿದ ದಿನಾಂಕವನ್ನೂ ಸೇರಿಸಿದೆ. ಅಗೆದವರು ಅದನ್ನು ಮುಚ್ಚಿದ ಮೇಲೆ ಟೇಪು ಹಿಡಿದು ಮತ್ತೊಮ್ಮೆ ಹೋಗಬೇಕು.