ಕೆಳ ಡಿವಿಷನ್ ಫುಟ್‌ಬಾಲ್ ಲೀಗ್ ನಡೆಸುವ ಕ್ರಮ: ವೇಳಾಪಟ್ಟಿಯಿಂದ ಬಡ್ತಿಯವರೆಗೆ

ಕೆಳ ಡಿವಿಷನ್ ಲೀಗ್‌ಗಳ ಜಗಳಗಳಲ್ಲಿ ಬಹುಪಾಲು ಅಂಗಳದಲ್ಲಿ ಹುಟ್ಟುವುದಿಲ್ಲ. ಮೊದಲ ಪಂದ್ಯಕ್ಕೆ ಮುಂಚೆ ನಿಯಮಾವಳಿಯಲ್ಲಿ ಇರಬೇಕಾಗಿದ್ದ ಒಂದು ಸಾಲು ಬಿಟ್ಟುಹೋದದ್ದೇ ಅವುಗಳ ಮೂಲ. ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಗೊತ್ತಾದ ಮೇಲೆ ಮಾಡಿದ ನಿಯಮ ಎಷ್ಟೇ ನ್ಯಾಯವಾಗಿದ್ದರೂ ಕಳೆದುಕೊಂಡ ಕ್ಲಬ್ ಅದನ್ನು ಒಪ್ಪುವುದಿಲ್ಲ. ಒಪ್ಪಲೇಬೇಕೆಂದು ಹಟ ಹಿಡಿಯುವುದೂ ಸರಿಯಲ್ಲ. ಹಾಗಾಗಿ ಇಲ್ಲಿ ಹೇಳಿರುವ ಕೆಲಸಗಳಲ್ಲಿ ಹೆಚ್ಚಿನವು ಚೆಂಡು ಉರುಳುವ ಮುಂಚೆಯೇ ಮುಗಿಯಬೇಕಾದವು.

ಮೊದಲು ವಾರಗಳನ್ನು ಎಣಿಸಿ

ಪ್ರತಿ ಕ್ಲಬ್ ಉಳಿದ ಎಲ್ಲ ಕ್ಲಬ್‌ಗಳ ಜೊತೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡುವುದಾದರೆ ಪಂದ್ಯಗಳ ಲೆಕ್ಕ ಸುಲಭ: ಕ್ಲಬ್‌ಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ. 10 ಕ್ಲಬ್‌ಗಳಿಗೆ 90 ಪಂದ್ಯ, 18 ಸುತ್ತು. 12 ಕ್ಲಬ್‌ಗಳಿಗೆ 132 ಪಂದ್ಯ, 22 ಸುತ್ತು. 11 ಕ್ಲಬ್‌ಗಳಿದ್ದರೆ ಪಂದ್ಯಗಳು 110ಕ್ಕೆ ಇಳಿಯುತ್ತವೆ, ಸುತ್ತುಗಳು ಮಾತ್ರ 22 ಆಗಿಯೇ ಉಳಿಯುತ್ತವೆ. ಪ್ರತಿ ಸುತ್ತಿನಲ್ಲೂ ಒಂದು ಕ್ಲಬ್‌ಗೆ ಬೈ (ಪಂದ್ಯವಿಲ್ಲದ ಬಿಡುವು) ಬರುವುದೇ ಕಾರಣ. ಅಂದರೆ 11 ಕ್ಲಬ್‌ಗಳ ಲೀಗ್‌ಗೂ 12ರಷ್ಟೇ ವಾರ ಬೇಕು.

ಕೈಯಲ್ಲಿರುವ ವಾರಾಂತ್ಯಗಳಿಂದ ಹಬ್ಬ, ಪರೀಕ್ಷೆ, ಕಪ್ ಪಂದ್ಯಗಳ ದಿನಗಳನ್ನು ಕಳೆಯಿರಿ. ಉಳಿದದ್ದರಲ್ಲಿ ಪ್ರತಿ ಐದು ಸುತ್ತಿಗೆ ಒಂದು ವಾರ ಖಾಲಿ ಬಿಡಿ. ಮುಂದೂಡಿದ ಪಂದ್ಯಗಳು ಈ ಖಾಲಿ ವಾರಗಳಲ್ಲೇ ಮುಗಿಯಬೇಕು. ಖಾಲಿ ವಾರಗಳನ್ನೆಲ್ಲ ಕೊನೆಗೆ ಒಟ್ಟಿಗೆ ಇಟ್ಟರೆ ಒಂದು ಕ್ಲಬ್ 18 ಪಂದ್ಯ ಮುಗಿಸಿದಾಗ ಇನ್ನೊಂದು 13ರಲ್ಲೇ ಇರುತ್ತದೆ, ಅಂಕಪಟ್ಟಿಯನ್ನು ಯಾರೂ ನಂಬುವುದಿಲ್ಲ.

12 ಕ್ಲಬ್‌ಗಳಿದ್ದು ವಾರಗಳು ಸಾಲದಿದ್ದರೆ ಆರಾರರ ಎರಡು ಗುಂಪು ಮಾಡಿ. ಗುಂಪಿನೊಳಗೆ 10 ಸುತ್ತು. ಆಮೇಲೆ ಎರಡೂ ಗುಂಪುಗಳ ಮೊದಲ ಮೂರು ಕ್ಲಬ್‌ಗಳು ಒಂದು ಕಡೆ, ಕೊನೆಯ ಮೂರು ಇನ್ನೊಂದು ಕಡೆ ಸೇರಿ, ಎದುರು ಗುಂಪಿನವರೊಂದಿಗೆ ಮಾತ್ರ ಆರು ಪಂದ್ಯ ಆಡಲಿ. ತಮ್ಮ ಗುಂಪಿನಿಂದ ಜೊತೆಗೆ ಬಂದವರ ವಿರುದ್ಧ ಗಳಿಸಿದ ಅಂಕ ಹಾಗೇ ಮುಂದುವರಿಯಲಿ. 16 ವಾರಗಳಲ್ಲಿ ಕೆಲಸ ಮುಗಿಯುತ್ತದೆ.

ವೇಳಾಪಟ್ಟಿ

ಇದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ. ಚದುರಂಗ ಪಂದ್ಯಾವಳಿಗಳಲ್ಲಿ ಬಳಸುವ ಬರ್ಗರ್ ಕೋಷ್ಟಕ ಫುಟ್‌ಬಾಲ್‌ಗೂ ಚೆನ್ನಾಗಿ ಒಗ್ಗುತ್ತದೆ. ಕ್ಲಬ್‌ಗಳಿಗೆ ಸಂಖ್ಯೆ ಕೊಟ್ಟು ಮೊದಲ ಸುತ್ತಿನಲ್ಲಿ ಮೊದಲನೆಯದಕ್ಕೆ ಕೊನೆಯದು, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು, ಹೀಗೆ ಜೋಡಿಸಿ. ಮೊದಲು ಬರೆದ ಕ್ಲಬ್‌ಗೆ ತವರಿನ ಪಂದ್ಯ. ಮುಂದಿನ ಸುತ್ತಿಗೆ ಪ್ರತಿ ಸಂಖ್ಯೆಗೂ ಒಟ್ಟು ಕ್ಲಬ್‌ಗಳ ಅರ್ಧವನ್ನು ಕೂಡಿಸಿ. ಬಂದದ್ದು ಕೊನೆಯ ಸಂಖ್ಯೆಯಷ್ಟೋ ಅದಕ್ಕಿಂತ ಹೆಚ್ಚೋ ಆದರೆ, ಒಟ್ಟು ಕ್ಲಬ್‌ಗಳಿಗಿಂತ ಒಂದು ಕಡಿಮೆಯನ್ನು ಅದರಿಂದ ಕಳೆಯಿರಿ. ಕೊನೆಯ ಸಂಖ್ಯೆಯ ಕ್ಲಬ್ ಮಾತ್ರ ಬದಲಾಗುವುದಿಲ್ಲ, ಅದು ಸುತ್ತು ಬಿಟ್ಟು ಸುತ್ತು ಹೊರಗೆ–ತವರಿಗೆ ಹೊರಳುತ್ತದೆ. ಆರು ಕ್ಲಬ್‌ಗಳಿಗೆ ಮೂರು ಕೂಡಿಸಿ, ಬೇಕಾದಾಗ ಐದು ಕಳೆದರೆ ಹೀಗೆ ಬರುತ್ತದೆ:

ಸುತ್ತು 1: 1–6, 2–5, 3–4
ಸುತ್ತು 2: 6–4, 5–3, 1–2
ಸುತ್ತು 3: 2–6, 3–1, 4–5
ಸುತ್ತು 4: 6–5, 1–4, 2–3
ಸುತ್ತು 5: 3–6, 4–2, 5–1

10 ಕ್ಲಬ್‌ಗಳಾದರೆ 1–10, 2–9, 3–8, 4–7, 5–6 ಎಂದು ಶುರುಮಾಡಿ, ಐದು ಕೂಡಿಸಿ, ಬೇಕಾದಾಗ ಒಂಬತ್ತು ಕಳೆಯಿರಿ. ಕ್ಲಬ್‌ಗಳ ಸಂಖ್ಯೆ ಬೆಸವಾಗಿದ್ದರೆ ಕೊನೆಯ ಸಂಖ್ಯೆಯನ್ನು ಖಾಲಿ ಇಡಿ. ಅದರ ಎದುರು ಬಂದವರಿಗೆ ಬೈ.

ಕೆಳ ಡಿವಿಷನ್‌ಗೆ ಈ ಕೋಷ್ಟಕದಿಂದ ಸಿಗುವ ದೊಡ್ಡ ಉಪಕಾರ ಬೇರೆಯೇ ಇದೆ. ಒಂದೇ ಅಂಗಳವನ್ನು ಎರಡು ಕ್ಲಬ್‌ಗಳು ಹಂಚಿಕೊಳ್ಳುವುದು ಈ ಮಟ್ಟದಲ್ಲಿ ಸಾಮಾನ್ಯ. ಕೋಷ್ಟಕದಲ್ಲಿ 1 ಮತ್ತು 4, 2 ಮತ್ತು 5, 3 ಮತ್ತು 6 ಎಂದೂ ಒಂದೇ ದಿನ ತವರಿನಲ್ಲಿ ಆಡುವುದಿಲ್ಲ. 10 ಕ್ಲಬ್‌ಗಳಲ್ಲಿ ಈ ಜೋಡಿಗಳು 1–6, 2–7, 3–8, 4–9, 5–10. ಅಂಗಳ ಹಂಚಿಕೊಂಡವರಿಗೆ ಮೊದಲು ಇಂಥ ಒಂದು ಜೋಡಿ ಸಂಖ್ಯೆ ಕೊಡಿ, ಉಳಿದವರಿಗೆ ಎಲ್ಲರೆದುರು ಚೀಟಿ ಎತ್ತಿ. ಚೀಟಿ ಎತ್ತಿದ ಮೇಲೆ ಯಾರ ಕೋರಿಕೆಗೂ ಸಂಖ್ಯೆ ಬದಲಿಸಬೇಡಿ. ಒಂದು ಪಂದ್ಯವನ್ನು ಸರಿಸಿದರೆ ಇನ್ನು ನಾಲ್ಕನ್ನು ಸರಿಸಬೇಕಾಗುತ್ತದೆ.

ಎರಡನೇ ಅರ್ಧಕ್ಕೆ ಇದೇ ಪಟ್ಟಿಯ ತವರು–ಹೊರಗನ್ನು ಅದಲುಬದಲು ಮಾಡಿದರೆ ಸಾಕೆಂದು ಅನ್ನಿಸುತ್ತದೆ. ಹಾಗೆಯೇ ಮಾಡಿದರೆ ಆರು ಕ್ಲಬ್‌ಗಳ ಪಟ್ಟಿಯಲ್ಲಿ 5, 6, 7ನೇ ಸುತ್ತುಗಳಲ್ಲಿ ಕ್ಲಬ್ 1 ಸತತ ಮೂರು ಪಂದ್ಯ ಹೊರಗೆ ಆಡುತ್ತದೆ, ಕ್ಲಬ್ 4 ಸತತ ಮೂರು ತವರಿನಲ್ಲಿ. ಎರಡೂ ಅರ್ಧಗಳಲ್ಲಿ ಕೊನೆಯ ಎರಡು ಸುತ್ತುಗಳ ಕ್ರಮವನ್ನು ಹಿಂದುಮುಂದು ಮಾಡಿ: 1, 2, 3, 5, 4. ತೊಂದರೆ ಹೋಗುತ್ತದೆ. 10 ಕ್ಲಬ್‌ಗಳಲ್ಲಿ 8 ಮತ್ತು 9ನೇ ಸುತ್ತುಗಳನ್ನು ಬದಲಿಸಬೇಕು.

ಅಂಗಳದ ಪರಿಶೀಲನೆ

ಋತುವಿಗೆ ಹದಿನೈದು ದಿನ ಮುಂಚೆ ಟೇಪು ಹಿಡಿದು ಪ್ರತಿ ಅಂಗಳಕ್ಕೂ ಹೋಗಿ. ಆಟದ ನಿಯಮಗಳ ಪ್ರಕಾರ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ಇರಬಹುದು, ಉದ್ದವು ಅಗಲಕ್ಕಿಂತ ಹೆಚ್ಚಿರಲೇಬೇಕು. ಮೂಲೆಗಳು ನೇರವಾಗಿವೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು, ಎರಡೂ ಕರ್ಣಗಳನ್ನು ಅಳೆಯಿರಿ. 105×68 ಮೀಟರ್ ಅಂಗಳದಲ್ಲಿ ಎರಡೂ 125.1 ಮೀಟರ್ ಬರಬೇಕು.

ಗೋಲ್‌ಪೋಸ್ಟ್‌ಗಳ ಒಳಅಂಚಿನ ನಡುವೆ 7.32 ಮೀಟರ್, ಅಡ್ಡಪಟ್ಟಿಯ ಕೆಳಅಂಚಿನಿಂದ ನೆಲಕ್ಕೆ 2.44 ಮೀಟರ್. ಎತ್ತರವನ್ನು ಕಂಬದ ಬಳಿ ಮಾತ್ರವಲ್ಲ, ನಡುವೆಯೂ ಅಳೆಯಬೇಕು. ಹಳೆಯ ಅಡ್ಡಪಟ್ಟಿ ನಡುವೆ ಬಾಗಿರುತ್ತದೆ, ಗೋಲಿನ ಮುಂದೆ ಮಣ್ಣೂ ಸವೆದಿರುತ್ತದೆ. ಪೆನಾಲ್ಟಿ ಪ್ರದೇಶದ 16.5 ಮೀಟರನ್ನು ಕಂಬದ ಒಳಅಂಚಿನಿಂದ ತೆಗೆದುಕೊಳ್ಳಿ, ಒಟ್ಟು ಅಗಲ 40.32 ಮೀಟರ್ ಬಂದರೆ ಸರಿ. ಪೆನಾಲ್ಟಿ ಚುಕ್ಕಿ 11 ಮೀಟರ್‌ಗೆ, ನಡುವಿನ ವೃತ್ತದ ತ್ರಿಜ್ಯ 9.15 ಮೀಟರ್. ಗೆರೆಯ ದಪ್ಪ 12 ಸೆಂಟಿಮೀಟರ್ ಮೀರಬಾರದು.

ಎತ್ತಿಡುವಂಥ ಗೋಲ್‌ಪೋಸ್ಟ್ ಇರುವಲ್ಲಿ ಅದನ್ನು ನೆಲಕ್ಕೆ ಭದ್ರವಾಗಿ ಬಿಗಿಯದೆ ಪಂದ್ಯ ಆಡಿಸಲೇಬೇಡಿ. ಮಕ್ಕಳು ಜೋತುಬಿದ್ದಾಗ ಇಂಥ ಗೋಲ್‌ಪೋಸ್ಟ್ ಮಗುಚಿಬಿದ್ದು ಜೀವಗಳು ಹೋಗಿವೆ. ಹೊತ್ತಾದರೂ ಪರವಾಗಿಲ್ಲ, ಈ ವಿಷಯದಲ್ಲಿ ರಿಯಾಯಿತಿ ಬೇಡ.

ಆಟಗಾರರ ನೋಂದಣಿ

ಪ್ರತಿ ಕ್ಲಬ್‌ನಿಂದ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಫೋಟೊ, ವಯಸ್ಸಿನ ದಾಖಲೆ, ಹಿಂದಿನ ಕ್ಲಬ್‌ನ ಒಪ್ಪಿಗೆ ಪತ್ರ ಪಡೆಯಿರಿ. ಪಂದ್ಯದ ದಿನ ರೆಫರಿಯ ಕೈಯಲ್ಲಿ ಫೋಟೊ ಇರುವ ಪಟ್ಟಿ ಇರಬೇಕು. ಬೇರೆಯವರ ಹೆಸರಿನಲ್ಲಿ ಆಡಿಸುವುದನ್ನು ತಡೆಯಲು ಅಷ್ಟೇ ಸಾಕು. ಹೊಸಬರನ್ನು ಸೇರಿಸಿಕೊಳ್ಳುವ ಕೊನೆಯ ದಿನವನ್ನು ಋತುವಿನ ಮುಕ್ಕಾಲು ಭಾಗ ಮುಗಿಯುವ ಮುಂಚೆಯೇ ಇಡಿ. ಇಲ್ಲವಾದರೆ ಕೊನೆಯ ಮೂರು ಪಂದ್ಯಗಳಿಗೆಂದೇ ಮೇಲಿನ ಡಿವಿಷನ್‌ನವರು ಬಂದು ಇಳಿಯುತ್ತಾರೆ. ಇಡೀ ಋತು ಬೆವರು ಸುರಿಸಿದ ಹುಡುಗರು ಬೆಂಚಿನಲ್ಲಿ ಕೂರುತ್ತಾರೆ.

ಪಂದ್ಯದ ದಿನ

ತಂಡದ ಪಟ್ಟಿ ಅರ್ಧ ಗಂಟೆ ಮುಂಚೆ ರೆಫರಿಗೆ ಸೇರಬೇಕು. ಚೆಂಡು 5ನೇ ಸೈಜಿನದು: ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ತವರು ಕ್ಲಬ್ ಕನಿಷ್ಠ ಮೂರು ಚೆಂಡು, ಗಾಳಿಯ ಪಂಪು, ನೆಟ್ ಕಟ್ಟುವ ಹಗ್ಗ, ಬೇರೆ ಬಣ್ಣದ ಒಂದು ಸೆಟ್ ಬಿಬ್ (ಜೆರ್ಸಿಯ ಮೇಲೆ ತೊಡುವ ತೋಳಿಲ್ಲದ ಮೇಲಂಗಿ), ಸ್ಟ್ರೆಚರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತರಬೇಕು. ಆಂಬುಲೆನ್ಸ್ ಅಂಗಳದೊಳಕ್ಕೆ ಬರುವ ಗೇಟಿನ ಬೀಗದ ಕೈ ಯಾರ ಬಳಿ ಇದೆ ಎಂಬುದು ಎರಡೂ ತಂಡಗಳಿಗೆ ಗೊತ್ತಿರಲಿ.

ಒಂದು ತಂಡದಲ್ಲಿ ಏಳಕ್ಕಿಂತ ಕಡಿಮೆ ಆಟಗಾರರಿದ್ದರೆ ಪಂದ್ಯ ಶುರುವಾಗುವಂತಿಲ್ಲ, ಮುಂದುವರಿಯುವಂತೆಯೂ ಇಲ್ಲ. ಅರ್ಧಕ್ಕೆ ನಿಂತ ಪಂದ್ಯವನ್ನು ಮತ್ತೆ ಆಡಿಸಬೇಕು, ಲೀಗ್‌ನ ನಿಯಮ ಬೇರೆ ಹೇಳಿದ್ದರೆ ಮಾತ್ರ ಅದರಂತೆ. ಇಲ್ಲೇ ಹಲವು ಲೀಗ್‌ಗಳು ಎಡವುವುದು. 4–0 ಹಿಂದಿರುವ ತಂಡ ಒಬ್ಬೊಬ್ಬರಾಗಿ ‘ಗಾಯ’ ಎಂದು ಹೊರನಡೆದರೆ ಮರುಪಂದ್ಯ ಗಿಟ್ಟುತ್ತದೆ! ಪಂದ್ಯ ನಿಲ್ಲಲು ಕಾರಣವಾದ ತಂಡ 0–3ರಿಂದ ಸೋತಂತೆ, ಅಂಗಳದ ಸ್ಕೋರ್ ಅದಕ್ಕಿಂತ ಹೀನವಾಗಿದ್ದರೆ ಅದೇ ಉಳಿಯುವುದು ಎಂದು ಬರೆದಿಡಿ. ಮಳೆ, ಕತ್ತಲೆಯಿಂದ ನಿಂತದ್ದಕ್ಕೆ ಬೇರೆ ಸಾಲು ಬೇಕು.

ಸಹಾಯಕ ರೆಫರಿಗಳು ಸಿಗದಿದ್ದರೆ ಎರಡೂ ಕ್ಲಬ್‌ಗಳಿಂದ ಒಬ್ಬೊಬ್ಬರು ಬಾವುಟ ಹಿಡಿಯಲಿ, ಚೆಂಡು ಗೆರೆ ದಾಟಿತೇ ಎಂಬುದನ್ನಷ್ಟೇ ತೋರಿಸಲಿ. ಆಫ್‌ಸೈಡ್ ರೆಫರಿಯೊಬ್ಬರದೇ ತೀರ್ಮಾನ.

ಕಾರ್ಡು, ವಾಕ್‌ಓವರ್, ನಡುವೆ ಬಿಟ್ಟುಹೋದವರು

ಅಮಾನತನ್ನು ದಿನಗಳಲ್ಲಿ ಅಲ್ಲ, ಪಂದ್ಯಗಳಲ್ಲಿ ಎಣಿಸಿ. ‘ಎರಡು ವಾರ ನಿಷೇಧ’ ಎಂದರೆ ಆ ಎರಡು ವಾರ ಮಳೆ ಬಂದಾಗ ಆಟಗಾರನಿಗೆ ಶಿಕ್ಷೆಯೇ ಆಗುವುದಿಲ್ಲ. ಎದುರಾಳಿ ಬಾರದ ವಾಕ್‌ಓವರ್ ಪಂದ್ಯ ಆ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದನ್ನೂ ಬರೆಯಿರಿ.

ಒಂದು ಕ್ಲಬ್ ನಡುವೆ ಲೀಗ್ ಬಿಟ್ಟರೆ: ಅರ್ಧಕ್ಕಿಂತ ಕಡಿಮೆ ಪಂದ್ಯ ಆಡಿದ್ದರೆ ಅದರ ಎಲ್ಲ ಫಲಿತಾಂಶಗಳನ್ನೂ ಅಳಿಸಿ, ಅರ್ಧ ದಾಟಿದ್ದರೆ ಆಡಿದ್ದನ್ನು ಉಳಿಸಿ ಬಾಕಿ ಪಂದ್ಯಗಳನ್ನು ಎದುರಾಳಿಗಳಿಗೆ 3–0 ಎಂದು ಕೊಡಿ. ಎರಡರಲ್ಲೂ ಯಾರಿಗಾದರೂ ನೋವಾಗುತ್ತದೆ, ಆದ್ದರಿಂದಲೇ ಮೊದಲೇ ಗೊತ್ತಿರಬೇಕು. ಅಳಿಸಿದರೂ ಆ ಪಂದ್ಯಗಳ ಕಾರ್ಡುಗಳು ಉಳಿಯಬೇಕು.

ಅಂಕಪಟ್ಟಿ, ಬಡ್ತಿ

ಗೆಲುವಿಗೆ 3, ಡ್ರಾಗೆ 1. ಅಂಕ ಸಮವಾದಾಗ ಗೋಲು ವ್ಯತ್ಯಾಸ ಮೊದಲೋ, ಪರಸ್ಪರ ಪಂದ್ಯಗಳ ಫಲಿತಾಂಶ ಮೊದಲೋ? ಕೆಳ ಡಿವಿಷನ್‌ಗೆ ಪರಸ್ಪರ ಫಲಿತಾಂಶವೇ ಮೇಲು. ಹನ್ನೊಂದು ಜನರನ್ನು ಕೂಡಿಸಲು ಹೆಣಗುವ ಒಂದು ದುರ್ಬಲ ಕ್ಲಬ್ ಮೇಲೆ ಒಬ್ಬರು 9–0 ಗೆಲ್ಲುತ್ತಾರೆ, ಅದೇ ಕ್ಲಬ್ ಬಾರದೆ ಇನ್ನೊಬ್ಬರಿಗೆ 3–0 ವಾಕ್‌ಓವರ್ ಸಿಗುತ್ತದೆ. ಆ ಆರು ಗೋಲುಗಳು ಯಾರ ಬಡ್ತಿಯನ್ನೂ ತೀರ್ಮಾನಿಸಬಾರದು. ಮೂರು ಕ್ಲಬ್‌ಗಳು ಸಮವಾದರೆ ಆ ಮೂವರ ನಡುವಿನ ಪಂದ್ಯಗಳ ಪ್ರತ್ಯೇಕ ಪಟ್ಟಿ ಮಾಡಿ. ಒಬ್ಬರು ಬೇರ್ಪಟ್ಟ ಮೇಲೆ ಉಳಿದಿಬ್ಬರಿಗೆ ಲೆಕ್ಕ ಮೊದಲಿನಿಂದಲೋ, ಮುಂದಿನ ಹಂತದಿಂದಲೋ ಎಂಬುದನ್ನು ಸ್ಪಷ್ಟಪಡಿಸಿ.

ಮೇಲಿನ ಡಿವಿಷನ್‌ನಲ್ಲಿರುವ ಕ್ಲಬ್‌ನ ‘ಬಿ’ ತಂಡ ಪ್ರಶಸ್ತಿ ಗೆದ್ದರೆ ಕಪ್ ಅದಕ್ಕೆ, ಬಡ್ತಿ ಮುಂದಿನ ಕ್ಲಬ್‌ಗೆ. ಆದರೆ ಹೀಗೆ ಎಷ್ಟನೇ ಸ್ಥಾನದವರೆಗೆ ಇಳಿಯಬಹುದು? ಮೂರನೆಯದಕ್ಕೆ ನಿಲ್ಲಿಸಿ, ಅಲ್ಲಿಯೂ ಯಾರೂ ಅರ್ಹರಲ್ಲದಿದ್ದರೆ ಮೇಲಿನಿಂದ ಒಂದು ಕ್ಲಬ್ ಕಡಿಮೆ ಇಳಿಯಲಿ.

ಕೊನೆಯ ಸುತ್ತಿನ ಪಂದ್ಯಗಳೆಲ್ಲ ಒಂದೇ ಹೊತ್ತಿಗೆ ಶುರುವಾಗಬೇಕು. 1982ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ತಂಡಗಳಿಗೆ, ಅಲ್ಜೀರಿಯಾದ ಪಂದ್ಯ ಹಿಂದಿನ ದಿನವೇ ಮುಗಿದಿದ್ದರಿಂದ, ಎಷ್ಟು ಗೋಲು ಸಾಕೆಂಬುದು ಮೊದಲೇ ಗೊತ್ತಿತ್ತು. 1–0 ಆದ ಮೇಲೆ ಆಟ ನಿಂತೇಹೋಯಿತು, ಅಲ್ಜೀರಿಯಾ ಹೊರಬಿತ್ತು. 1986ರಿಂದ ವಿಶ್ವಕಪ್‌ನಲ್ಲಿ ಗುಂಪಿನ ಕೊನೆಯ ಪಂದ್ಯಗಳು ಏಕಕಾಲಕ್ಕೆ ನಡೆಯುತ್ತಿವೆ. ರೆಫರಿಗಳ ಕೊರತೆಯಿಂದ ಎಲ್ಲವನ್ನೂ ಒಟ್ಟಿಗೆ ಆಡಿಸಲಾಗದಿದ್ದರೆ ಬಡ್ತಿಗೋ ಹಿಂಬಡ್ತಿಗೋ ಸಂಬಂಧಿಸಿದ ಪಂದ್ಯಗಳನ್ನಾದರೂ ಒಟ್ಟಿಗೆ ಇಡಿ, ಉಳಿದವನ್ನು ಬೆಳಿಗ್ಗೆ ಮುಗಿಸಿ.