ಎರಚಲಿಗೆ ಜಗ್ಗದ ಕಿಟಕಿ ಹುಡುಕಿದ್ದು

ನಮ್ಮ ಮನೆ ಉಡುಪಿಯ ಹತ್ತಿರ. ಸಮುದ್ರಕ್ಕೆ ಎರಡು ಕಿಲೋಮೀಟರ್ ಕೂಡ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಲೆಯ ಸದ್ದು ಕೇಳುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಅದರಲ್ಲಿ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು ಮುಗಿಯುತ್ತದೆ. ಅದೂ ನೇರ ಬೀಳುವ ಮಳೆ ಅಲ್ಲ. ಪಡುಗಾಳಿಯ ಜೊತೆ ಅಡ್ಡಡ್ಡ ಬಂದು ಗೋಡೆಗೆ ಬಡಿಯುತ್ತದೆ. ನಮ್ಮ ಅಜ್ಜಿಯ ಕಾಲದಲ್ಲಿ ಮೇ ಕೊನೆಗೆ ಜಗಲಿಯ ಸುತ್ತ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಎರಚಲು ಮನೆಯ ಗೋಡೆ ಮುಟ್ಟುವ ಮೊದಲೇ ಅದನ್ನು ತಡೆಯಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪ 1988ರಲ್ಲಿ ಕಟ್ಟಿಸಿದ ಕೆಂಪುಕಲ್ಲಿನ ಮನೆ ಇದು. ಒಟ್ಟು ಹನ್ನೊಂದು ಕಿಟಕಿ. ಪಡುವಣ ಮತ್ತು ತೆಂಕಣ ಬದಿಯ ಏಳಕ್ಕೆ, ದುಡ್ಡು ಸಾಲದೆ, ಯಾವುದೋ ಕಾಡುಮರ ಹಾಕಿಸಿದ್ದರು. ಮೂವತ್ತು ಮಳೆಗಾಲ ಕಂಡ ಮೇಲೆ ಅವು ಉಬ್ಬಿ, ಕುಗ್ಗಿ, ಕೆಳಗಿನ ಪಟ್ಟಿ ಕೊಳೆತು ಹೋಗಿತ್ತು. ಬೆರಳಿನಲ್ಲಿ ಒತ್ತಿದರೆ ಮರ ಒಳಗೆ ಹೋಗುತ್ತಿತ್ತು. ಒಂದರಲ್ಲಿ ಗೆದ್ದಲು ಬೇರೆ.

2019ರಲ್ಲಿ ಮೊದಲ ಸಲ ಎರಡು ಕೋಣೆಗೆ ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ, ಪಕ್ಕಕ್ಕೆ ಸರಿಸುವ ಸ್ಲೈಡಿಂಗ್ ಕಿಟಕಿ ಹಾಕಿಸಿದೆ. ನೋಡಲು ಚಂದ, ಬೆಲೆಯೂ ಕಡಿಮೆ ಅನ್ನಿಸಿತು. ಜೂನ್ ಎರಡನೇ ವಾರ ರಾತ್ರಿ ದೊಡ್ಡ ಗಾಳಿ ಮಳೆ ಬಂತು. ಅಮ್ಮನ ಕೋಣೆಯಿಂದ ಗುಳುಗುಳು ಸದ್ದು. ಟಾರ್ಚ್ ಹಿಡಿದು ನೋಡಿದರೆ ಕಿಟಕಿಯ ಕೆಳಗಿನ ಟ್ರ್ಯಾಕ್ ಕಾಲುವೆಯ ಹಾಗೆ ತುಂಬಿತ್ತು. ಗಾಳಿ ಒತ್ತಿದಾಗಲೆಲ್ಲ ಆ ನೀರು ಗುಳ್ಳೆ ಎಬ್ಬಿಸಿ ಒಳಗಿನ ಅಂಚು ದಾಟಿ ಗೋಡೆ ಮೇಲೆ ಇಳಿಯುತ್ತಿತ್ತು. ಅಮ್ಮನ ಹಾಸಿಗೆಯ ತಲೆಭಾಗ ಒದ್ದೆ. ಆ ಮಳೆಗಾಲ ಪೂರ್ತಿ ಅವರ ಮಂಚ ಕೋಣೆಯ ನಡುವೆ ಇತ್ತು.

ಮಳೆ ಬಿಟ್ಟ ಮೇಲೆ ಹೊರಗೆ ಹೋಗಿ ನೋಡಿದೆ. ಚೌಕಟ್ಟಿನ ಕೆಳಗೆ ನೀರು ಹೋಗಲು ಉದ್ದುದ್ದ ತೂತು ಇರುತ್ತದೆ. ಗಾರೆಯವರು ಅಂಚು ನಯ ಮಾಡುವಾಗ ಎಲ್ಲದರ ಮೇಲೂ ಸಿಮೆಂಟ್ ಬಳಿದಿದ್ದರು. ಅದನ್ನು ಕೆರೆದು ತೆಗೆಸಿದ ಮೇಲೆ ಸ್ವಲ್ಪ ಸುಧಾರಿಸಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಗಾಳಿಯ ಒತ್ತಡಕ್ಕೆ ಹೋಲಿಸಿದರೆ ಟ್ರ್ಯಾಕ್‌ನ ಒಳ ಅಂಚು ತೀರಾ ಗಿಡ್ಡ. ಸ್ಲೈಡಿಂಗ್‌ನಲ್ಲಿ ಪಲ್ಲೆಗಳ, ಅಂದರೆ ಗಾಜು ಕೂತ ಬಾಗಿಲುಗಳ, ನಡುವೆ ಬರೀ ಬ್ರಷ್‌ನಂಥ ಪಟ್ಟಿ ಇರುತ್ತದೆ, ಒತ್ತಿ ಕೂರುವ ರಬ್ಬರ್ ಅಲ್ಲ. ಎರಡೇ ವರ್ಷದಲ್ಲಿ ಸ್ಕ್ರೂಗಳೂ ತುಕ್ಕು ಹಿಡಿದು ಬಿಳಿ ಚೌಕಟ್ಟಿನ ಮೇಲೆ ಕಂದು ಗೆರೆ ಇಳಿದವು.

ಹಾಗಾಗಿ 2022ರಲ್ಲಿ ಏಳು ಕಿಟಕಿಗಳಿಗೂ ಕೈ ಹಾಕುವಾಗ ನನ್ನ ಮೊದಲ ಪ್ರಶ್ನೆ ಬೇರೆಯೇ ಆಗಿತ್ತು. ಅಂಗಡಿಗೆ ಹೋದಾಗ ಬೆಲೆ, ಬಣ್ಣ ಕೇಳಲಿಲ್ಲ. ಒಳಗೆ ನುಗ್ಗಿದ ನೀರು ಹೊರಗೆ ಹೋಗುವುದು ಎಲ್ಲಿಂದ, ತೋರಿಸಿ ಅಂತ ಕೇಳಿದೆ. ಮಾದರಿ ತುಂಡು ಕೈಗೆ ಕೊಟ್ಟು, ನೀರು ಚೌಕಟ್ಟಿನೊಳಗಿನ ಯಾವ ಗೂಡಿಗೆ ಬಂದು ಯಾವ ತೂತಿನಿಂದ ಹೋಗುತ್ತದೆ ಅಂತ ಬೆರಳಿಟ್ಟು ತೋರಿಸಿದವರು ಒಬ್ಬರೇ. ಅವರಿಗೇ ಕೆಲಸ ಕೊಟ್ಟೆ.

ಈ ಸಲ ಕೀಲಿನ ಮೇಲೆ ಬಾಗಿಲಿನ ಹಾಗೆ ಹೊರಗೆ ತೆರೆಯುವ ಕೇಸ್‌ಮೆಂಟ್ ಕಿಟಕಿ. ಇದಕ್ಕೆ ಕಾರಣ ಇದೆ. ಹೊರಗೆ ತೆರೆಯುವ ಪಲ್ಲೆಯನ್ನು ಮುಚ್ಚಿದಾಗ ಗಾಳಿಯೇ ಅದನ್ನು ಚೌಕಟ್ಟಿನ ರಬ್ಬರ್‌ಗೆ ಒತ್ತುತ್ತದೆ. ಗಾಳಿ ಜೋರಾದಷ್ಟೂ ಬಿಗಿ. ಸ್ಲೈಡಿಂಗ್ ಅರ್ಧ ಮಾತ್ರ ತೆರೆಯುತ್ತದೆ, ಇದು ಪೂರ್ತಿ ತೆರೆಯುತ್ತದೆ. ಕರಾವಳಿಯ ಸೆಕೆಗೆ ಆ ಇನ್ನರ್ಧ ಗಾಳಿ ಎಷ್ಟು ಮುಖ್ಯ ಅಂತ ಏಪ್ರಿಲ್‌ನಲ್ಲಿ ಇಲ್ಲಿ ಮಲಗಿದವರಿಗೆ ಗೊತ್ತು. ಒಂದೇ ಕಡೆ ಕೂರುವ ಚಿಲಕ ಬೇಡ, ಮೇಲೆ, ನಡುವೆ, ಕೆಳಗೆ ಮೂರು ಕಡೆ ಬಿಗಿಯುವ ಲಾಕ್ ಬೇಕು. ಇಲ್ಲದಿದ್ದರೆ ಮೂಲೆಯ ರಬ್ಬರ್ ಒತ್ತುವುದಿಲ್ಲ. ಪರೀಕ್ಷೆ ಸುಲಭ. ಪತ್ರಿಕೆಯ ಒಂದು ಹಾಳೆ ಸಿಕ್ಕಿಸಿ ಕಿಟಕಿ ಮುಚ್ಚಿ ಎಳೆಯಿರಿ. ಜಾರಿ ಬಂದರೆ ಆ ಜಾಗದಲ್ಲಿ ನೀರೂ ಬರುತ್ತದೆ. ನಾನು ಪ್ರತಿ ಪಲ್ಲೆಯಲ್ಲಿ ನಾಲ್ಕು ಬದಿಗೂ ಮಾಡಿ ನೋಡಿದೆ. ಅಡುಗೆಮನೆಯದ್ದರಲ್ಲಿ ಕೆಳಗಿನ ಮೂಲೆ ಸಡಿಲ ಸಿಕ್ಕಿತು, ಲಾಕ್ ಸರಿಹೊಂದಿಸಿ ಕೊಟ್ಟರು.

ಯುಪಿವಿಸಿಯೇ ಯಾಕೆ ಅಂದರೆ ಉಪ್ಪುಗಾಳಿ. ಅಲ್ಯೂಮಿನಿಯಂ ಗಟ್ಟಿ, ತೆಳ್ಳಗೆ ಕಾಣುತ್ತದೆ, ನಿಜ. ಆದರೆ ಬಣ್ಣದ ಲೇಪ ಎಲ್ಲಾದರೂ ಗೀರಿದರೆ ಇಲ್ಲಿಯ ಗಾಳಿ ಅಲ್ಲಿಂದ ಶುರು ಮಾಡುತ್ತದೆ. ಯುಪಿವಿಸಿಯಲ್ಲಿ ಮೋಸ ಇರುವುದು ಒಳಗೆ. ಚೌಕಟ್ಟಿನ ಪಟ್ಟಿ ಟೊಳ್ಳು, ಅದರ ಹೊರಗೋಡೆಯ ದಪ್ಪ ಅಳೆಯಬೇಕು. ನಾನು ಚಿನ್ನದ ಕೆಲಸದ ಗೆಳೆಯನಿಂದ ಕ್ಯಾಲಿಪರ್ ತಂದು ಅಳೆದೆ. ಒಂದು ಅಂಗಡಿಯ ಮಾದರಿ 1.8 ಮಿ.ಮೀ. ಬಂತು, ನಾವು ತಗೊಂಡದ್ದು 2.5 ಮಿ.ಮೀ. ಒಳಗೆ ಕಬ್ಬಿಣದ ಕೊಳವೆ ಇರಬೇಕು, ಅದೂ ಸತು ಲೇಪಿಸಿದ್ದು. ಇದೆಯಾ ಅಂತ ನೋಡಲು ಫ್ರಿಡ್ಜ್ ಮೇಲಿನ ಮ್ಯಾಗ್ನೆಟ್ ಸಾಲದು, ಸ್ವಲ್ಪ ಬಲವಾದದ್ದು ಬೇಕು. ಚೌಕಟ್ಟಿನ ಉದ್ದಕ್ಕೂ ಎಳೆದು ನೋಡಿ. ಕೆಲವರು ನಡುವೆ ತುಂಡು ಹಾಕಿ ಬಿಟ್ಟಿರುತ್ತಾರೆ.

ಕೀಲು, ಸ್ಕ್ರೂ ವಿಷಯದಲ್ಲಿ ಬಾಯಿಮಾತು ನಂಬಲು ಆಗಲಿಲ್ಲ. ಎಲ್ಲರೂ ಸ್ಟೇನ್‌ಲೆಸ್ ಅನ್ನುತ್ತಾರೆ, ಅಲ್ವಾ? ಮೂರು ಕಡೆಯಿಂದ ಮಾದರಿ ಸ್ಕ್ರೂ, ಕೀಲು ತಂದೆ. ಬಟ್ಟಲಲ್ಲಿ ಮಲ್ಪೆ ಕಡಲಿನ ನೀರು ಹಾಕಿ, ಅರ್ಧ ಮುಳುಗುವ ಹಾಗೆ ಇಟ್ಟು ಅಡುಗೆಮನೆಯ ಕಿಟಕಿ ಮೇಲೆ ಬಿಟ್ಟೆ. ನೀರೂ ಗಾಳಿಯೂ ಸೇರುವ ಗೆರೆಯಲ್ಲೇ ತುಕ್ಕು ಬೇಗ ಬರುತ್ತದೆ. ನಾಲ್ಕನೇ ದಿನ ಒಂದು ಬಟ್ಟಲಿನಲ್ಲಿ ಸ್ಕ್ರೂವಿನ ತಲೆ ಸುತ್ತ ಚಹಾ ಬಣ್ಣದ ಉಂಗುರ. ಎಂಟನೇ ದಿನಕ್ಕೆ ಎರಡನೆಯದರಲ್ಲೂ ಚುಕ್ಕೆ. ಮೂರನೆಯದು 316 ದರ್ಜೆ, ಅಂದರೆ ಉಪ್ಪನ್ನು ಹೆಚ್ಚು ತಡೆಯುವ ಸ್ಟೇನ್‌ಲೆಸ್, ಅಂದಿದ್ದರು, ಹದಿನೈದು ದಿನ ಕಳೆದರೂ ಹೊಳಪು ಹಾಗೇ ಇತ್ತು. ಒಳನಾಡಿಗೆ ಸಾಮಾನ್ಯ 304 ದರ್ಜೆ ಸಾಕು. ಕಡಲ ಬದಿಗೆ 316 ಕೇಳಿ ತಗೊಳ್ಳಿ. ಏಳು ಕಿಟಕಿಗೆ ಅದರಿಂದ ಆದ ಹೆಚ್ಚುವರಿ ಖರ್ಚು ಎಂಟು ಸಾವಿರದ ಒಳಗೆ.

ಗಾಜಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. 5 ಮಿ.ಮೀ. ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಸಾಕು. ಒಡೆದರೂ ಸಣ್ಣ ಹರಳಾಗಿ ಉದುರುತ್ತದೆ, ಚೂರಿಯಂಥ ತುಂಡು ಆಗುವುದಿಲ್ಲ. ಮೂಲೆಯಲ್ಲಿ ಟಫನ್ಡ್ ಅನ್ನುವ ಅಳಿಸದ ಗುರುತು ಇದೆಯಾ ನೋಡಿ. ಎರಡು ಪದರದ ಗಾಜು ಹಾಕಿ ಅಂತ ಒಬ್ಬರು ತುಂಬಾ ಒತ್ತಾಯ ಮಾಡಿದರು. ಎಸಿ ಇಲ್ಲದ ಮನೆ, ವರ್ಷದಲ್ಲಿ ಎಂಟು ತಿಂಗಳು ಕಿಟಕಿ ತೆರೆದೇ ಇರುತ್ತದೆ. ತೆರೆದ ಕಿಟಕಿಗೆ ಎರಡು ಪದರ ಗಾಜು ಏನು ಮಾಡೀತು? ಬೆಂಗಳೂರಲ್ಲಿ ಮುಖ್ಯರಸ್ತೆಗೆ ಅಂಟಿಕೊಂಡ ಮನೆಯಲ್ಲಿರುವ ತಂಗಿಗೆ ಮಾತ್ರ ಬೇರೆ ಹೇಳಿದೆ. ಅಲ್ಲಿ ಶತ್ರು ಮಳೆ ಅಲ್ಲ, ಹಾರ್ನ್. ನಡುವೆ ಪದರ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು ಹಾಕಿಸಿದಳು, ರಾತ್ರಿ ನಿದ್ದೆ ಬರುತ್ತಿದೆ ಅಂದಳು.

ಅಳತೆಗೆ ಅಂಗಡಿಯವರ ಹುಡುಗ ಬಂದಾಗ ನಾನೂ ಟೇಪ್ ಹಿಡಿದು ಜೊತೆಗೆ ನಿಂತೆ. ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಅಡ್ಡಗೆರೆ. ಹಳೇ ಮನೆಯಲ್ಲಿ ಯಾವ ಕಂಡಿಯೂ ಚೌಕವಾಗಿ ಇರುವುದಿಲ್ಲ. ನಮ್ಮ ಒಂದು ಕಿಟಕಿಯಲ್ಲಿ ಎರಡು ಅಡ್ಡಗೆರೆಗಳ ನಡುವೆ 18 ಮಿ.ಮೀ. ವ್ಯತ್ಯಾಸ. ಎಲ್ಲಕ್ಕಿಂತ ಚಿಕ್ಕ ಅಳತೆ ಹಿಡಿದು, ಅದರಿಂದಲೂ 10 ಮಿ.ಮೀ. ಬಿಡಬೇಕು. ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ. ಒಂದೂವರೆ ಮೀಟರ್ ಉದ್ದದ ಪಟ್ಟಿ 25 ಡಿಗ್ರಿ ಏರಿಳಿತಕ್ಕೆ ಎರಡೂವರೆ ಮಿ.ಮೀ. ಹೆಚ್ಚುಕಮ್ಮಿ ಆಗುತ್ತದೆ. ಬಿಗಿಯಾಗಿ ತುರುಕಿದರೆ ಚೌಕಟ್ಟು ಬಾಗುತ್ತದೆ, ಪಲ್ಲೆ ಸಿಕ್ಕಿಕೊಳ್ಳುತ್ತದೆ.

ಹಳೇ ಚೌಕಟ್ಟು ತೆಗೆಯುವ ದಿನ ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು. ಗರಗಸದಲ್ಲಿ ನಡುವೆ ಕೊಯ್ದು ಒಂದೊಂದೇ ತುಂಡು ಎಳೆದರು. ಕೆಂಪುಕಲ್ಲು ಪುಡಿಪುಡಿಯಾಗಿ ಉದುರಿತು. ಅದರಲ್ಲಿ ನೇರ ಡ್ರಿಲ್ ಮಾಡಿ ಬೋಲ್ಟ್ ಹೊಡೆದರೆ ನಿಲ್ಲುವುದಿಲ್ಲ, ತೂತು ದೊಡ್ಡದಾಗುತ್ತಾ ಹೋಗುತ್ತದೆ. ಆದ್ದರಿಂದ ಕಂಡಿಯ ಸುತ್ತ ಎರಡು ಇಂಚಿನ ಕಾಂಕ್ರೀಟ್ ಪಟ್ಟಿ ಹಾಕಿಸಿ, ಹತ್ತು ದಿನ ನೀರು ಹಾಕಿ, ಆಮೇಲೆ ಚೌಕಟ್ಟು ಕೂರಿಸಿದೆವು. ಕೆಳಗಿನ ಕಲ್ಲಿನ ಹಲಗೆ ಹೊರಗೆ ಇಳಿಜಾರು ಇರಲಿ ಅಂತ ಪಟ್ಟು ಹಿಡಿದೆ. ಅದರ ಅಡಿಯಲ್ಲಿ ಅಂಚಿನ ಉದ್ದಕ್ಕೂ ಬೆರಳಗಲದ ಗೀರು ತೋಡಿಸಿದೆ. ನೀರು ಆ ಗೀರು ದಾಟಿ ಗೋಡೆಗೆ ಬರಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲ, ಆದರೆ ಕೇಳದಿದ್ದರೆ ಯಾರೂ ಮಾಡುವುದಿಲ್ಲ. ಚಜ್ಜಾವನ್ನೂ ಒಂದು ಅಡಿ ಮುಂದಕ್ಕೆ ತಂದೆವು, ಹಂಚು ಹಾಕಿ.

ಸರಳು ಹಳೇ ಮರದ ಚೌಕಟ್ಟಿನ ಜೊತೆಗೇ ಹೋಗುತ್ತದೆ, ಇದನ್ನು ಮೊದಲೇ ಯೋಚಿಸಿ. ಹೊರಗೆ ತೆರೆಯುವ ಪಲ್ಲೆಗೆ ಗ್ರಿಲ್ ಒಳಬದಿಯಲ್ಲಿ ಬರುತ್ತದೆ. ಹ್ಯಾಂಡಲ್ ಇರುವ ಜಾಗದಲ್ಲಿ ಕೈ ತೂರುವಷ್ಟು ಸಂದು ಬಿಡಿಸಬೇಕು. ಅಮ್ಮನ ಕೈಯನ್ನೇ ಇಟ್ಟು ಅಳತೆ ತಗೊಂಡೆವು, ಕಿಟಕಿ ತೆರೆದು ಮುಚ್ಚುವವರು ಅವರೇ ತಾನೇ.

ಏಳು ಕಿಟಕಿ, 126 ಚದರ ಅಡಿ, ಚದರ ಅಡಿಗೆ 850 ರೂಪಾಯಿ, ಮೇಲೆ ಜಿಎಸ್‌ಟಿ. ಗಾರೆ ಕೆಲಸ, ಗ್ರಿಲ್ ಬೇರೆ. ಕೊನೆಯ ಹದಿನೈದು ಸಾವಿರ ಕೊಡದೆ ಇಟ್ಟುಕೊಂಡಿದ್ದೆ, ಮೊದಲೇ ಮಾತಾಗಿತ್ತು. ಮೇ ಕೊನೆಗೆ ತೋಟದ ಪೈಪ್ ತಂದು ಒಂದೊಂದು ಕಿಟಕಿಗೆ ಹತ್ತು ನಿಮಿಷ, ಪಡುವಣದಿಂದ ಮಳೆ ಬರುವ ಹಾಗೆ ಓರೆಯಾಗಿ ನೀರು ಹೊಡೆದೆ. ಒಳಗೆ ಮಗಳು ಟಿಶ್ಯೂ ಹಿಡಿದು ಮೂಲೆ ಮೂಲೆ ಒತ್ತಿ ನೋಡಿದಳು. ಆರು ಒಣ. ಒಂದರಲ್ಲಿ ಸಂದು ಮುಚ್ಚುವ ಸಿಲಿಕೋನ್ ಅಂಟು ಒಂದು ಇಂಚು ಬಿಟ್ಟುಹೋಗಿತ್ತು. ಮರುದಿನ ಬಂದು ಹಾಕಿದರು, ದುಡ್ಡು ಕೊಟ್ಟೆ.

ಮೂಡಣ ಮತ್ತು ಬಡಗಣ ಬದಿಯ ನಾಲ್ಕನ್ನು ಮುಟ್ಟಲಿಲ್ಲ. ಅವು ಹಲಸಿನ ಮರದವು, ನಮ್ಮದೇ ಹಿತ್ತಲಿನ ಮರ. ಆಚಾರಿ ಉಳಿ ಇಟ್ಟು ತಟ್ಟಿ ನೋಡಿ, ಇನ್ನೊಂದು ನಲವತ್ತು ವರ್ಷ ಇದಕ್ಕೇನೂ ಆಗುವುದಿಲ್ಲ ಅಂದರು. ಸುಮ್ನೆ ಎಲ್ಲ ಒಂದೇ ಥರ ಕಾಣಲಿ ಅಂತ ಅಂಥ ಮರ ಕಿತ್ತು ಹಾಕಲು ನನಗೆ ಮನಸ್ಸು ಬರಲಿಲ್ಲ. ಕೀಲು ಬದಲಿಸಿ, ಕೆಳಪಟ್ಟಿಗೆ ಗೇರೆಣ್ಣೆ ಬಳಿದೆವು. ಎರಡು ವರ್ಷಕ್ಕೊಮ್ಮೆ ಬಳಿಯುತ್ತೇನೆ.

ಹೊಸ ಕಿಟಕಿಗಳಿಗೆ ಇರುವ ಚಾಕರಿ ಒಂದೇ. ಬೇಸಿಗೆಯಲ್ಲಿ ಕಣಜ ಬಂದು ನೀರಿನ ತೂತಿಗೆ ಮಣ್ಣು ಮೆತ್ತುತ್ತದೆ. ಮೇ ಕೊನೆಯ ವಾರ ಹಿಡಿಸೂಡಿಯ ಕಡ್ಡಿ ಹಿಡಿದು ಒಂದೊಂದನ್ನೂ ಚುಚ್ಚಿ ಬಿಡಿಸುತ್ತೇನೆ. ಕಳೆದ ಸಲ ಅಮ್ಮನ ಕೋಣೆಯದ್ದರಲ್ಲಿ ಎರಡು ಮುಚ್ಚಿದ್ದವು. ಬಿಡಿಸಿ, ಒಂದು ಚೊಂಬು ನೀರು ಚೌಕಟ್ಟಿಗೆ ಸುರಿದು ಹೊರಗೆ ಹೋಗಿ ನಿಂತೆ. ನಾಲ್ಕೂ ತೂತಿನಿಂದ ನೀರು ಇಳಿದು ಕೆಳಗಿನ ದಾಸವಾಳದ ಗಿಡಕ್ಕೆ ಬಿತ್ತು. ಅಮ್ಮನ ಮಂಚ ಈಗ ಮತ್ತೆ ಕಿಟಕಿಯ ಪಕ್ಕದಲ್ಲೇ ಇದೆ.